ಒಂದಕ್ಷರ ತಪ್ಪಿದರೆ ರಕ್ತಕಣ ಬಾಗುತ್ತದೆ

ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರು ಕಾಡಂಚಿನ ಊರು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಇದೇ ಊರಿನ ಹೆಸರಿದೆ. ಕಾಫಿ ಹಣ್ಣಾಗುವ ತಿಂಗಳುಗಳಲ್ಲಿ ಈ ಸುತ್ತಿನ ಹಾಡಿಗಳಿಗೆ ಬೆಳಕು ಹರಿಯುವ ಮುಂಚೆಯೇ ಜೀಪು ಬರುತ್ತದೆ. ಕೊಡಗಿನ ತೋಟಗಳಿಗೆ ಕೂಲಿಗೆ ಹೊರಟವರು ತಲೆಗೆ ಟವೆಲ್ ಸುತ್ತಿ, ಬುತ್ತಿ ಮಡಿಲಲ್ಲಿಟ್ಟುಕೊಂಡು ಒತ್ತಾಗಿ ಕೂರುತ್ತಾರೆ. ಇನ್ನೊಂದು ದಿನ ಅದೇ ಹಾಡಿಗೆ ಆರೋಗ್ಯ ಇಲಾಖೆಯ ತಂಡ ಬಂದು ಅಂಗನವಾಡಿ ಜಗಲಿಯಲ್ಲಿ ಮೇಜು ಹಾಕುತ್ತದೆ. ಆಶಾ ಕಾರ್ಯಕರ್ತೆ ಹೆಸರು ಕೂಗುತ್ತಾರೆ. ಮಗುವಿನ ಬೆರಳ ತುದಿಗೆ ಸ್ಪಿರಿಟ್ ಹತ್ತಿ, ಆಮೇಲೆ ಸೂಜಿ. ಒಂದು ಹನಿ ರಕ್ತ ಸಾಕು.

‘ಏನು ನೋಡಕ್ಕಕ್ಕ ಇದು?’ ಎಂದು ತಾಯಿ ಕೇಳಿದರೆ, ‘ಸಿಕಲ್ ಸೆಲ್ ಐತಾ ಅಂತ ಕಣವ್ವ’ ಎಂಬ ಉತ್ತರ ಬರುತ್ತದೆ.

ಉತ್ತರ ಸರಿಯಾದದ್ದೇ. ಆದರೆ ಆ ಒಂದು ಹನಿಯಲ್ಲಿ ನಿಜಕ್ಕೂ ಏನು ನಡೆದಿರುತ್ತದೆ ಎಂದು ಹೇಳಲು ಅಷ್ಟು ಸಾಲದು. ಸಿಕಲ್ ಸೆಲ್, ಅಂದರೆ ಕುಡುಗೋಲು ಕಣ ರಕ್ತಹೀನತೆ, ವಂಶವಾಹಿಯ ರೋಗವೆಂದು ಶಾಲೆಯ ಪುಸ್ತಕವೂ ಹೇಳುತ್ತದೆ. ವಂಶವಾಹಿಯಲ್ಲಿ ಇರುವುದು ಬರೀ ಬರಹ. ಬರಹದಲ್ಲಿನ ಒಂದಕ್ಷರ ಮಗುವಿನ ಮೊಣಕಾಲಿನ ನೋವಾಗುವುದು ಹೇಗೆ? ನಡುವಿನ ಆ ದಾರಿಯ ಉದ್ದಕ್ಕೂ ಇರುವುದು ಆರ್‌ಎನ್‌ಎ. ಕೋವಿಡ್ ಲಸಿಕೆಯ ಸುದ್ದಿಯಲ್ಲಿ ಮನೆಮನೆಗೆ ಬಂದು ಹೋದ ಈ ಹೆಸರಿನ ನಿಜವಾದ ಕೆಲಸವನ್ನು ತಿಳಿಯಲು ಕುಡುಗೋಲು ಕಣಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಉಸಿರು ಹೊರುವ ಪ್ರೋಟೀನ್

ರಕ್ತದ ಕೆಂಪಿಗೆ ಕಾರಣ ಹಿಮೋಗ್ಲೋಬಿನ್ ಎಂಬ ಪ್ರೋಟೀನ್. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು ಮೈಯ ಮೂಲೆಮೂಲೆಗೆ ಬಿಟ್ಟು ಬರುವುದು ಅದರ ಕೆಲಸ. ಒಂದೊಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ. ಒಂದು ಅಣುವಿನಲ್ಲಿ ನಾಲ್ಕು ಸರಪಳಿ: ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿಯಲ್ಲಿ 146 ಅಮೈನೊ ಆಮ್ಲಗಳು ಒಂದರ ಹಿಂದೆ ಒಂದು ನಿಗದಿಯಾದ ಕ್ರಮದಲ್ಲಿ ಜೋಡಿಕೊಂಡಿವೆ.

ಕುಡುಗೋಲು ಕಣ ಇರುವವರಲ್ಲಿ ಈ 146ರಲ್ಲಿ ಒಂದೇ ಒಂದು ಬೇರೆ. ಆರನೆಯದು ಗ್ಲುಟಾಮಿಕ್ ಆಮ್ಲ ಇರಬೇಕಿತ್ತು, ಅಲ್ಲಿ ವ್ಯಾಲಿನ್ ಬಂದು ಕೂತಿದೆ. ಉಳಿದ 145 ಎಲ್ಲರಲ್ಲಿರುವಂತೆಯೇ ಇವೆ.

ಪರಿಣಾಮ ಮಾತ್ರ ಸಣ್ಣದಲ್ಲ. ಗ್ಲುಟಾಮಿಕ್ ಆಮ್ಲಕ್ಕೆ ನೀರಿನೊಂದಿಗೆ ಹೊಂದಿಕೆ, ವ್ಯಾಲಿನ್‌ಗೆ ನೀರೆಂದರೆ ಆಗದು. ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ತನ್ನ ಆಕಾರವನ್ನು ಕೊಂಚ ಬದಲಿಸಿಕೊಳ್ಳುತ್ತದೆ. ಆಗ ಒಂದು ಅಣುವಿನ ವ್ಯಾಲಿನ್ ಪಕ್ಕದ ಅಣುವಿನ ಮೈಮೇಲೆ ಕಾಣಿಸಿಕೊಂಡ ಸಣ್ಣ ಕುಳಿಯೊಳಗೆ ಸರಿಯಾಗಿ ಹೋಗಿ ಕೂರುತ್ತದೆ. ಅದಕ್ಕೆ ಇನ್ನೊಂದು, ಇನ್ನೊಂದಕ್ಕೆ ಮತ್ತೊಂದು ಸೇರಿ ಕಣದೊಳಗೆ ಉದ್ದುದ್ದದ ಗಡುಸು ಎಳೆಗಳಾಗುತ್ತವೆ. ದುಂಡಗೆ ಮೆತ್ತಗೆ ಇದ್ದ ಕಣ ಎಳೆಗಳ ಒತ್ತಡಕ್ಕೆ ಕುಡುಗೋಲಿನಂತೆ ಬಾಗುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಬೀಳುತ್ತವೆ. ಮುಂದೆ ರಕ್ತ ಹೋಗದ ಕಡೆ ತಡೆಯಲಾಗದ ನೋವು ಏಳುತ್ತದೆ: ಕೈಕಾಲು, ಬೆನ್ನು, ಎದೆ. ಸಾಮಾನ್ಯ ಕೆಂಪುಕಣ 120 ದಿನ ಬದುಕುತ್ತದೆ. ಕುಡುಗೋಲು ಕಣದ ಆಯುಸ್ಸು ಹತ್ತಿಪ್ಪತ್ತು ದಿನ. ರಕ್ತ ತುಂಬುವುದಕ್ಕಿಂತ ಬೇಗ ಬರಿದಾಗುತ್ತದೆ.

ಮೈಯಲ್ಲಿ ನೀರಿನಂಶ ಇಳಿದಾಗ, ಚಳಿ ಹಿಡಿದಾಗ, ಜ್ವರ ಬಂದಾಗ, ಅತಿಯಾಗಿ ದಣಿದಾಗ ಈ ಬಾಗುವಿಕೆ ಹೆಚ್ಚುತ್ತದೆ. ಡಿಸೆಂಬರಿನ ಕೊಡಗಿನಲ್ಲಿ ಮಂಜು ಹನಿಯುವ ಗಿಡಗಳ ಕೆಳಗೆ ನೀರು ಕುಡಿಯಲೂ ಪುರುಸೊತ್ತಿಲ್ಲದೆ ಹಣ್ಣು ಬಿಡಿಸುವ ಕೂಲಿಯವರಿಗೆ ಇವು ಒಟ್ಟಿಗೇ ಎದುರಾಗುವುದುಂಟು.

ಮೂಲ ಪ್ರತಿ ಹೊರಗೆ ಬರುವುದಿಲ್ಲ

ಬೀಟಾ ಸರಪಳಿಯ ಬರಹ ಇರುವುದು ನಮ್ಮ 11ನೆಯ ವರ್ಣತಂತುವಿನಲ್ಲಿ. ಡಿಎನ್‌ಎಯ ನಾಲ್ಕು ಅಕ್ಷರಗಳಾದ ಎ, ಟಿ, ಜಿ, ಸಿಗಳಲ್ಲಿ ಬರೆದ ಸುಮಾರು 1,600 ಅಕ್ಷರಗಳಷ್ಟು ಉದ್ದದ ತುಣುಕು ಅದು. ಡಿಎನ್‌ಎ ಕೋಶಕೇಂದ್ರವನ್ನು ಬಿಟ್ಟು ಹೊರಬರುವುದಿಲ್ಲ. ಪ್ರೋಟೀನ್ ತಯಾರಾಗುವುದೋ ಕೋಶಕೇಂದ್ರದ ಹೊರಗೆ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುವ ಜಮೀನಿನ ಮೂಲ ದಾಖಲೆಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಬೇಕಾದ ಸರ್ವೆ ನಂಬರಿನದು ಮಾತ್ರ ನಕಲು ತೆಗೆಸುತ್ತಾರೆ, ಬ್ಯಾಂಕಿನ ಕೆಲಸವೆಲ್ಲ ಆ ನಕಲಿನ ಮೇಲೆ ನಡೆಯುತ್ತದೆ. ಕೋಶದಲ್ಲೂ ಹೀಗೆಯೇ. ಬೀಟಾ ಸರಪಳಿ ಬೇಕಾದಾಗ ಆ ತುಣುಕನ್ನು ಮಾತ್ರ ಆರ್‌ಎನ್‌ಎ ರೂಪದಲ್ಲಿ ನಕಲು ಮಾಡಿ ಹೊರಗೆ ಕಳಿಸಲಾಗುತ್ತದೆ. ಇದೇ ಸಂದೇಶವಾಹಕ ಆರ್‌ಎನ್‌ಎ, ಎಂಆರ್‌ಎನ್‌ಎ. ನಕಲಿನಲ್ಲಿ ಟಿ ಇರುವಲ್ಲೆಲ್ಲ ಯು ಎಂಬ ಅಕ್ಷರ ಬರುತ್ತದೆ. ಮೂಲ ಅಕ್ಷಯವಾಗಿ ಉಳಿಯುತ್ತದೆ. ನಕಲು ಕೆಲಸ ಮುಗಿಸಿ ಒಡೆದುಹೋಗುತ್ತದೆ.

ಒಂದು ಮೂಲದಿಂದ ಸಾವಿರಾರು ನಕಲು ತೆಗೆಯಬಹುದು, ಒಂದೊಂದು ನಕಲಿನಿಂದ ಅನೇಕ ಸರಪಳಿ ಹೆಣೆಯಬಹುದು. ನಮ್ಮ ಮೈ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕೆಂಪುಕಣಗಳನ್ನು ತಯಾರಿಸುತ್ತದೆ, ಪ್ರತಿಯೊಂದಕ್ಕೂ 27 ಕೋಟಿ ಅಣುಗಳು ಬೇಕು ಎಂದರೆ ಇಷ್ಟೊಂದು ನಕಲು ಏಕೆ ಬೇಕೆಂಬುದು ತಿಳಿಯುತ್ತದೆ.

ನಕಲು ಹೊರಡುವ ಮುಂಚೆ ಒಂದು ಕೆಲಸವಿದೆ. ಬೀಟಾ ತುಣುಕಿನ ಬರಹ ಒಂದೇ ಹರಿವಿನಲ್ಲಿಲ್ಲ. ಮೂರು ಭಾಗಗಳಲ್ಲಿದ್ದು, ನಡುನಡುವೆ ಪ್ರೋಟೀನಿಗೆ ಬೇಡದ ಎರಡು ತುಣುಕುಗಳಿವೆ. ಆ ಎರಡನ್ನೂ ಕತ್ತರಿಸಿ ತೆಗೆದು ಮೂರು ಭಾಗಗಳನ್ನು ಬೆಸೆಯಬೇಕು. ಈ ಕತ್ತರಿಸಿ ಬೆಸೆಯುವ ಕೆಲಸದಲ್ಲೂ ಬೇರೆ ಸಣ್ಣ ಆರ್‌ಎನ್‌ಎಗಳೇ ಕೈಹಾಕುತ್ತವೆ. ವಂಶವಾಹಿಗಳು ಹೀಗೆ ತುಂಡುತುಂಡಾಗಿವೆ ಎಂಬುದು 1977ರಲ್ಲಿ ತಿಳಿದಾಗ ಜೀವವಿಜ್ಞಾನಿಗಳೇ ಬೆರಗಾದರು. ಅದನ್ನು ಕಂಡ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರಿಗೆ 1993ರ ನೊಬೆಲ್ ಬಂತು.

ಮೂರಕ್ಷರಕ್ಕೊಂದು ಅಮೈನೊ ಆಮ್ಲ

ಹೊರಬಂದ ಎಂಆರ್‌ಎನ್‌ಎಯನ್ನು ರೈಬೋಸೋಮ್ ಹಿಡಿದುಕೊಳ್ಳುತ್ತದೆ. ಎರಡು ಭಾಗಗಳ ಈ ಕಣ ಎಂಆರ್‌ಎನ್‌ಎಯ ಮೇಲೆ ಮೂರು ಮೂರು ಅಕ್ಷರ ಓದುತ್ತಾ ಮುಂದೆ ಸರಿಯುತ್ತದೆ. ಪ್ರತಿ ಮೂರಕ್ಷರಕ್ಕೂ ಹೊಂದುವ ಅಮೈನೊ ಆಮ್ಲವನ್ನು ಹೊತ್ತು ತರುವುದು ಇನ್ನೊಂದು ಬಗೆಯ ಆರ್‌ಎನ್‌ಎ, ಟಿಆರ್‌ಎನ್‌ಎ. ಸುಮಾರು 75ರಿಂದ 90 ಅಕ್ಷರಗಳ ಚಿಕ್ಕ ಅಣು ಅದು. ಒಂದು ತುದಿಯಲ್ಲಿ ಅಮೈನೊ ಆಮ್ಲ, ಇನ್ನೊಂದು ಕಡೆ ಎಂಆರ್‌ಎನ್‌ಎಯ ಮೂರಕ್ಷರಕ್ಕೆ ಜೋಡಿಯಾಗುವ ಮೂರಕ್ಷರ. ಜೋಡಿ ಕೂಡಿತೋ, ಅಮೈನೊ ಆಮ್ಲ ಸರಪಳಿಗೆ ಸೇರಿತು. 146 ಕೊಂಡಿಗಳ ಬೀಟಾ ಸರಪಳಿ ಮುಗಿಯಲು ಒಂದು ನಿಮಿಷವೂ ಬೇಡ.

ರೈಬೋಸೋಮಿನ ಬಗ್ಗೆ ಒಂದು ಮಾತು ಒತ್ತಿ ಹೇಳಲೇಬೇಕು. ಬಹುಕಾಲ ಅದರಲ್ಲಿನ ಪ್ರೋಟೀನುಗಳೇ ಕೊಂಡಿ ಹಾಕುತ್ತವೆ, ಆರ್‌ಎನ್‌ಎ ಬರೀ ಆಧಾರ ಎಂದು ನಂಬಲಾಗಿತ್ತು. 2000ದ ಸುಮಾರಿಗೆ ರೈಬೋಸೋಮಿನ ಅಣುರಚನೆ ಕಣ್ಣಿಗೆ ಬಿದ್ದಾಗ, ಕೊಂಡಿ ಹಾಕುವ ಜಾಗದಲ್ಲಿ ಇರುವುದು ಆರ್‌ಎನ್‌ಎ ಎಂದು ಗೊತ್ತಾಯಿತು. ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್ ಹಾಗೂ ಅದಾ ಯೊನಾತ್ ಇದಕ್ಕಾಗಿ 2009ರ ರಸಾಯನವಿಜ್ಞಾನದ ನೊಬೆಲ್ ಹಂಚಿಕೊಂಡರು. ಅಂದರೆ ಸುದ್ದಿ ತರುವುದು ಆರ್‌ಎನ್‌ಎ, ಸಾಮಗ್ರಿ ತರುವುದು ಆರ್‌ಎನ್‌ಎ, ಜೋಡಿಸುವುದೂ ಆರ್‌ಎನ್‌ಎ. ಸರಪಳಿ ಎಲ್ಲಿಂದ ಶುರುವಾಗಬೇಕೆಂದು ತೋರುವ ಮೊದಲ ಟಿಆರ್‌ಎನ್‌ಎ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ನೆಯ್ ಮತ್ತು ಸಂಗಡಿಗರು ದಶಕಗಳ ಕಾಲ ಕೆಲಸ ಮಾಡಿದ್ದಾರೆ.

ಖೊರಾನಾ ಹೆಣೆದ ಎರಡಕ್ಷರದ ಎಳೆ

ಯಾವ ಮೂರಕ್ಷರಕ್ಕೆ ಯಾವ ಅಮೈನೊ ಆಮ್ಲ? 1956ರಲ್ಲಿ ವರ್ನನ್ ಇಂಗ್ರಾಂ ಕೇಂಬ್ರಿಜ್‌ನಲ್ಲಿ ಕುಡುಗೋಲು ಕಣದ ಹಿಮೋಗ್ಲೋಬಿನನ್ನು ತುಂಡರಿಸಿ ಸಾಮಾನ್ಯ ಹಿಮೋಗ್ಲೋಬಿನಿನ ಪಕ್ಕ ಇಟ್ಟು ನೋಡಿದಾಗ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಒಂದು ತುಣುಕು ಮಾತ್ರ ಬೇರೆ ಎಂದು ಅವರು ಕಂಡರು. ಮರುವರ್ಷ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲಿನ್ ಬಂದಿದೆ ಎಂದು ತೋರಿಸಿದರು. ಕಣ್ಣಮುಂದೆ ಫಲ ಇತ್ತು, ಬರಹ ಓದಲು ಮಾತ್ರ ಯಾರಿಗೂ ಬರುತ್ತಿರಲಿಲ್ಲ.

1961ರಲ್ಲಿ ಎಂಆರ್‌ಎನ್‌ಎ ಇರುವುದು ಖಚಿತವಾಯಿತು. ಅದೇ ವರ್ಷ ಅಮೆರಿಕದಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮತಾಯಿ ಬರೀ ಯು ಅಕ್ಷರಗಳ ಆರ್‌ಎನ್‌ಎ ಕೊಟ್ಟು ಬರೀ ಫಿನೈಲ್‌ಅಲನಿನ್ ಸರಪಳಿ ಪಡೆದರು. ಮೊದಲ ಬೀಗ ತೆರೆಯಿತು.

ಮುಂದಿನ ಕೆಲಸದಲ್ಲಿ ಹರಗೋಬಿಂದ್ ಖೊರಾನಾ ಅವರ ಕೈಚಳಕವಿದೆ. ಅಖಂಡ ಭಾರತದ ಪಂಜಾಬಿನ ರಾಯಪುರವೆಂಬ ಹಳ್ಳಿಯಲ್ಲಿ ಹುಟ್ಟಿದ ಅವರು, ವಿಸ್ಕಾನ್ಸಿನ್‌ನಲ್ಲಿದ್ದಾಗ ಎರಡೇ ಅಕ್ಷರಗಳು ಮರುಕಳಿಸುವ ಆರ್‌ಎನ್‌ಎ ಎಳೆಗಳನ್ನು ತಯಾರಿಸಿದರು. ಎ ಮತ್ತು ಜಿ ಸರದಿಯಲ್ಲಿ ಬರುವ ಎಳೆಯನ್ನು ಮೂರು ಮೂರಾಗಿ ಓದಿದರೆ ಎ-ಜಿ-ಎ, ಜಿ-ಎ-ಜಿ ಎರಡೇ ಸಿಗುತ್ತವೆ. ಅದರಿಂದ ಹುಟ್ಟಿದ ಸರಪಳಿಯಲ್ಲಿ ಆರ್ಜಿನಿನ್ ಮತ್ತು ಗ್ಲುಟಾಮಿಕ್ ಆಮ್ಲ ಸರದಿಯಲ್ಲಿದ್ದವು. ಯು ಮತ್ತು ಜಿ ಎಳೆಯಿಂದ ಸಿಸ್ಟೀನ್ ಮತ್ತು ವ್ಯಾಲಿನ್ ಬಂದವು. ಯಾವುದು ಯಾವುದರದು ಎಂಬುದನ್ನು ನಿರೆನ್‌ಬರ್ಗ್ ಅವರ ಇನ್ನೊಂದು ಬಗೆಯ ಪ್ರಯೋಗ ಬಿಡಿಸಿತು: ಜಿ-ಎ-ಜಿ ಎಂದರೆ ಗ್ಲುಟಾಮಿಕ್ ಆಮ್ಲ, ಜಿ-ಯು-ಜಿ ಎಂದರೆ ವ್ಯಾಲಿನ್.

ಇಂಗ್ರಾಂ ಕಂಡ ಬದಲಾವಣೆಯ ಬರಹ ಈಗ ಓದಲು ಬಂತು. ಕುಡುಗೋಲು ಕಣದವರ ಎಂಆರ್‌ಎನ್‌ಎಯಲ್ಲಿ ಜಿ-ಎ-ಜಿ ಇರಬೇಕಾದ ಕಡೆ ಜಿ-ಯು-ಜಿ ಇದೆ. ನಡುವಿನ ಒಂದಕ್ಷರ. ಖೊರಾನಾ, ನಿರೆನ್‌ಬರ್ಗ್ ಮತ್ತು ಟಿಆರ್‌ಎನ್‌ಎ ರಚನೆ ಬಿಡಿಸಿದ ರಾಬರ್ಟ್ ಹಾಲಿ 1968ರ ನೊಬೆಲ್ ಪಡೆದರು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಈ ರೋಗದಲ್ಲಿ ಆರ್‌ಎನ್‌ಎ ಯಾವ ತಪ್ಪನ್ನೂ ಮಾಡುವುದಿಲ್ಲ. ನಕಲು ಸರಿಯಾಗಿ ಆಗುತ್ತದೆ, ಕತ್ತರಿಸಿ ಬೆಸೆಯುವುದು ಸರಿಯಾಗಿರುತ್ತದೆ, ಟಿಆರ್‌ಎನ್‌ಎ ಬರೆದದ್ದಕ್ಕೆ ತಕ್ಕ ವ್ಯಾಲಿನನ್ನೇ ತರುತ್ತದೆ, ರೈಬೋಸೋಮ್ ಅದನ್ನೇ ಜೋಡಿಸುತ್ತದೆ. ಮೂಲದಲ್ಲಿ ಬಿದ್ದ ಅಕ್ಷರಕ್ಕೆ ಇಡೀ ವ್ಯವಸ್ಥೆ ನಿಷ್ಠೆಯಿಂದ ನಡೆದುಕೊಂಡದ್ದರಿಂದಲೇ ಕೋಟಿ ಕೋಟಿ ಅಣುಗಳಲ್ಲಿ ಅದೇ ವ್ಯಾಲಿನ್ ಬಂದು ಕೂರುತ್ತದೆ.

ಆರ್‌ಎನ್‌ಎ ಹಂತದಲ್ಲೇ ಕೆಡುವ ರೋಗ ಬೇರೆ ಇದೆ: ಬೀಟಾ ಥಲಸೀಮಿಯಾ. ಭಾರತದಲ್ಲಿ ಅತಿ ಸಾಮಾನ್ಯವಾದ ಬಗೆಯಲ್ಲಿ, ಕತ್ತರಿಸಿ ಎಸೆಯಬೇಕಾದ ಮೊದಲ ತುಣುಕಿನ ಐದನೆಯ ಅಕ್ಷರ ಜಿ ಬದಲು ಸಿ ಆಗಿರುತ್ತದೆ. ಪ್ರೋಟೀನಿನಲ್ಲಿ ಆ ಅಕ್ಷರಕ್ಕೆ ಜಾಗವೇ ಇಲ್ಲ. ಆದರೂ ಎಲ್ಲಿ ಕತ್ತರಿಸಬೇಕೆಂಬ ಗುರುತು ಮಸುಕಾಗಿ ಬೆಸುಗೆ ತಪ್ಪುತ್ತದೆ, ಸರಿಯಾದ ಎಂಆರ್‌ಎನ್‌ಎ ಕಡಿಮೆಯಾಗಿ ಬೀಟಾ ಸರಪಳಿಯೇ ಸಾಕಷ್ಟು ಹುಟ್ಟುವುದಿಲ್ಲ. ಒಂದರಲ್ಲಿ ಪ್ರೋಟೀನಿನ ಗುಣ ಕೆಡುತ್ತದೆ, ಇನ್ನೊಂದರಲ್ಲಿ ಪ್ರಮಾಣ.

ಗಾಜಿನ ಪಟ್ಟಿಯ ಮೇಲೆ

ಆರ್‌ಎನ್‌ಎಯನ್ನು ನೋಡಲು ದೊಡ್ಡ ಸಂಶೋಧನಾಲಯವೇ ಬೇಕಿಲ್ಲ. ತಾಲ್ಲೂಕು ಮಟ್ಟದ ಪ್ರಯೋಗಾಲಯದಲ್ಲೂ ಅದರ ಗುರುತು ಕಾಣಬಹುದು.

ಕೆಂಪುಕಣ ಅಸ್ಥಿಮಜ್ಜೆಯಲ್ಲಿ ಬೆಳೆಯುವಾಗ ಕೊನೆಯಲ್ಲಿ ತನ್ನ ಕೋಶಕೇಂದ್ರವನ್ನೇ ಹೊರಹಾಕುತ್ತದೆ. ಅಲ್ಲಿಗೆ ಡಿಎನ್‌ಎ ಹೋಯಿತು. ಆದರೂ ಮೊದಲೇ ನಕಲು ಮಾಡಿಟ್ಟುಕೊಂಡ ಎಂಆರ್‌ಎನ್‌ಎ, ರೈಬೋಸೋಮುಗಳು ಒಳಗೆ ಉಳಿದಿರುತ್ತವೆ. ಮೂಲವಿಲ್ಲದೆಯೇ, ನಕಲಿನ ಬಲದಿಂದ, ಆ ಎಳೆಯ ಕಣ ರಕ್ತಕ್ಕೆ ಇಳಿದ ಮೇಲೂ ಒಂದೆರಡು ದಿನ ಹಿಮೋಗ್ಲೋಬಿನ್ ಮಾಡುತ್ತಲೇ ಇರುತ್ತದೆ. ಇಂಥ ಕಣಕ್ಕೆ ರೆಟಿಕ್ಯುಲೋಸೈಟ್ ಎಂದು ಹೆಸರು. ಪ್ರಯೋಗಾಲಯದ ತಂತ್ರಜ್ಞರು ರಕ್ತಕ್ಕೆ ನ್ಯೂ ಮೆಥಿಲೀನ್ ಬ್ಲೂ ಎಂಬ ಬಣ್ಣ ಬೆರೆಸಿ ಸ್ವಲ್ಪ ಹೊತ್ತು ಇಟ್ಟು ಗಾಜಿನ ಪಟ್ಟಿಯ ಮೇಲೆ ಸವರುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಹಳೆಯ ಕಣಗಳು ತಿಳಿಯಾಗಿ, ಎಳೆಯ ಕಣಗಳು ಒಳಗೆ ಕಡುನೀಲಿ ಚುಕ್ಕೆ, ಗೀರುಗಳ ಜಾಲ ತುಂಬಿಕೊಂಡು ಕಾಣುತ್ತವೆ. ಆ ನೀಲಿ ಜಾಲವೇ ಉಳಿದಿರುವ ರೈಬೋಸೋಮುಗಳ ಆರ್‌ಎನ್‌ಎ.

ಆರೋಗ್ಯವಂತ ದೊಡ್ಡವರಲ್ಲಿ ನೂರು ಕೆಂಪುಕಣಗಳಿಗೆ ಒಂದೋ ಎರಡೋ ಇಂಥವು. ಕುಡುಗೋಲು ಕಣದ ರೋಗಿಯಲ್ಲಿ ಬಹಳ ಹೆಚ್ಚು, ಏಕೆಂದರೆ ಸತ್ತ ಕಣಗಳ ಜಾಗ ತುಂಬಲು ಮಜ್ಜೆ ಎಡೆಬಿಡದೆ ಹೊಸ ಕಣಗಳನ್ನು ಕಳಿಸುತ್ತಿರುತ್ತದೆ. ಸರಪಳಿ ಒಂದು ತುದಿಯಿಂದ ಶುರುವಾಗಿ ಇನ್ನೊಂದು ತುದಿಯವರೆಗೆ ಸಾಲಾಗಿ ಬೆಳೆಯುತ್ತದೆ ಎಂಬುದನ್ನು ಹೋವರ್ಡ್ ಡಿಂಟ್ಜಿಸ್ 1961ರಲ್ಲಿ ಸಾಬೀತು ಮಾಡಿದ್ದು ಕೂಡ ಇದೇ ಕಣಗಳಲ್ಲಿ. ಅವರು ಬಳಸಿದ್ದು ಮೊಲದ ರಕ್ತ.

ಮಂಗನ ಕಾಯಿಲೆಯ ಉಪಾಯ

ಕಾಡಂಚಿನವರಿಗೆ ಆರ್‌ಎನ್‌ಎ ಇನ್ನೊಂದು ದಾರಿಯಿಂದಲೂ ಬರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2012ರ ಕೊನೆಗೆ ಬಂಡೀಪುರಕ್ಕೂ ಕಾಲಿಟ್ಟಿತು. ಸತ್ತ ಮಂಗಗಳನ್ನು ಮುಟ್ಟಿದ ಅರಣ್ಯ ಕೆಲಸಗಾರರು ಜ್ವರ ಬಿದ್ದರು. ಉಣ್ಣೆಯಿಂದ ಹರಡುವ ಈ ವೈರಸ್ಸಿನಲ್ಲಿ ಡಿಎನ್‌ಎಯೇ ಇಲ್ಲ. ಸುಮಾರು 11 ಸಾವಿರ ಅಕ್ಷರಗಳ ಒಂದು ಆರ್‌ಎನ್‌ಎ, ಅಷ್ಟೆ. ಅದು ಕೋಶದೊಳಗೆ ಹೊಕ್ಕೊಡನೆ ನಮ್ಮ ರೈಬೋಸೋಮುಗಳು ಅದನ್ನು ನಮ್ಮದೇ ಎಂಆರ್‌ಎನ್‌ಎ ಎಂಬಂತೆ ಓದತೊಡಗುತ್ತವೆ. ಒಂದು ಉದ್ದನೆಯ ಪ್ರೋಟೀನ್ ಹುಟ್ಟಿ, ಅದು ಹತ್ತು ತುಂಡಾಗಿ, ಹೊಸ ವೈರಸ್ಸುಗಳಿಗೆ ಬೇಕಾದದ್ದೆಲ್ಲ ಅಲ್ಲೇ ಸಿದ್ಧ. ಕೊರೊನಾ ವೈರಸ್ಸಿನ ದಾರಿಯೂ ಇದೇ ಜಾತಿಯದು. ಓದುವ ಅಣುವಿಗೆ ಬರೆದವರು ಯಾರೆಂದು ಕೇಳುವ ಅಭ್ಯಾಸವಿಲ್ಲದ್ದನ್ನೇ ಎಂಆರ್‌ಎನ್‌ಎ ಲಸಿಕೆಗಳು ನಮ್ಮ ಪರವಾಗಿ ಬಳಸಿಕೊಂಡವು.

ಈ ಅಕ್ಷರ ಇಲ್ಲೇಕೆ ಉಳಿಯಿತು?

ಇಷ್ಟು ನೋವು ಕೊಡುವ ಬದಲಾವಣೆ ತಲೆಮಾರುಗಳಲ್ಲಿ ಅಳಿಸಿಹೋಗಬೇಕಿತ್ತು. ಹೋಗಲಿಲ್ಲ, ಕಾರಣ ಮಲೇರಿಯಾ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಅಕ್ಷರ ಪಡೆದವರು ವಾಹಕರು. ಅವರ ಕೋಶಗಳಲ್ಲಿ ಎರಡೂ ಬಗೆಯ ಎಂಆರ್‌ಎನ್‌ಎ ಇರುತ್ತದೆ, ಎರಡೂ ಬಗೆಯ ಬೀಟಾ ಸರಪಳಿ ಹುಟ್ಟುತ್ತದೆ. ಸಾಮಾನ್ಯ ಹಿಮೋಗ್ಲೋಬಿನ್ ಪಾಲು ಹೆಚ್ಚಿರುವುದರಿಂದ ಕಣ ಸುಲಭಕ್ಕೆ ಬಾಗುವುದಿಲ್ಲ. ಜೊತೆಗೆ ಮಾರಕ ಮಲೇರಿಯಾದಿಂದ ಅವರಿಗೆ ರಕ್ಷಣೆ ಸಿಗುತ್ತದೆ. ಆಂಥೊನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕದಲ್ಲಿ ಇದನ್ನು ತೋರಿಸಿದರು.

ಭಾರತದಲ್ಲಿ ಈ ಅಕ್ಷರದ ಗುರುತು ಮೊದಲು ಸಿಕ್ಕಿದ್ದು ನಮ್ಮ ನೆರೆಯಲ್ಲೇ. ಲೆಹ್ಮನ್ ಮತ್ತು ಕಟ್‌ಬುಶ್ 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಇದನ್ನು ವರದಿ ಮಾಡಿದರು. ನೀಲಗಿರಿ, ವಯನಾಡು, ಬಂಡೀಪುರ, ನಾಗರಹೊಳೆ ಒಂದೇ ಕಾಡಿನ ಹರವು. ರಾಜ್ಯದ ಗಡಿಗಳು ಮೊನ್ನೆಯವು, ಜೇನುಕುರುಬ, ಕಾಡುಕುರುಬ, ಯರವ, ಪಣಿಯರ ನಂಟು ಬಹಳ ಹಿಂದಿನದು. ಮಲೇರಿಯಾ ಕಾಡಿದ ಈ ನೆಲದಲ್ಲಿ ಅವರ ಹಿರಿಯರನ್ನು ಬದುಕಿಸಿದ ಅಕ್ಷರ ಇದು. ಇದನ್ನು ಯಾರಾದರೂ ಕುಲದ ಕಳಂಕವೆಂಬಂತೆ ಆಡಿದರೆ ಅದು ವಿಜ್ಞಾನಕ್ಕೂ ದೂರ, ಮನುಷ್ಯತ್ವಕ್ಕೂ ದೂರ.

ಮಾತ್ರೆಯಿಂದ ಮಾರ್ಗದರ್ಶಿ ಆರ್‌ಎನ್‌ಎವರೆಗೆ

ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾಯಿತು. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ, ರೋಗದ ನಿರ್ಮೂಲನೆಗೆ 2047 ಗಡುವು. ಬುಡಕಟ್ಟುಗಳಲ್ಲಿ ಹುಟ್ಟುವ ಪ್ರತಿ 86 ಮಕ್ಕಳಲ್ಲಿ ಒಂದಕ್ಕೆ ಈ ರೋಗವಿರುತ್ತದೆ ಎಂಬುದು ಸರ್ಕಾರ ಕೊಡುವ ಅಂಕಿ. ತಪಾಸಣೆಯಾದವರಿಗೆ ಫಲಿತಾಂಶದ ಕಾರ್ಡ್ ಸಿಗುತ್ತದೆ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಕಾರ್ಡಿನ ಉಪಯೋಗ ಅದನ್ನು ಮೊದಲೇ ತಿಳಿಸುವುದು. ಕಾರ್ಡ್ ನೋಡಿ ಹೆಣ್ಣು ಬೇಡವೆನ್ನುವ ಕಡೆಗೆ ಮಾತು ತಿರುಗದಂತೆ, ವಾಹಕರಿಗೆ ಕಾಯಿಲೆಯಿಲ್ಲ ಎಂಬುದನ್ನು ಕಾರ್ಡ್ ಕೈಗಿಡುವಾಗಲೇ ಬಿಡಿಸಿ ಹೇಳಬೇಕು.

ರೋಗ ಇರುವವರಿಗೆ ಮುಖ್ಯ ಮದ್ದು ಹೈಡ್ರಾಕ್ಸಿಯೂರಿಯಾ. ಅದು ಕೆಲಸ ಮಾಡುವ ಬಗೆ ಚೆಲುವಾದದ್ದು. ಬಸಿರಿನಲ್ಲಿರುವ ಮಗು ಬೀಟಾ ಬದಲು ಗಾಮಾ ಸರಪಳಿಯ ಹಿಮೋಗ್ಲೋಬಿನ್ ಬಳಸುತ್ತದೆ. ಹುಟ್ಟಿದ ಮೇಲೆ ಗಾಮಾ ವಂಶವಾಹಿಯ ನಕಲು ನಿಂತು ಬೀಟಾ ನಕಲು ಹೆಚ್ಚುತ್ತದೆ. ಮೊದಲ ಆರು ತಿಂಗಳು ಈ ಮಕ್ಕಳು ಗೆಲುವಾಗಿರುವುದು ಇದರಿಂದಲೇ. ಹೈಡ್ರಾಕ್ಸಿಯೂರಿಯಾ ಅನೇಕರಲ್ಲಿ ಗಾಮಾ ಎಂಆರ್‌ಎನ್‌ಎಯನ್ನು ಮತ್ತೆ ಸ್ವಲ್ಪ ಹೆಚ್ಚಿಸುತ್ತದೆ. ಗಾಮಾ ಸೇರಿದ ಹಿಮೋಗ್ಲೋಬಿನ್ ನಡುವೆ ಬಂದಾಗ ಗಡುಸು ಎಳೆಗಳು ಉದ್ದವಾಗಲಾರವು.

ಅದೇ ಉಪಾಯದ ಮುಂದಿನ ಹೆಜ್ಜೆ 2023ರಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಒಪ್ಪಿಗೆ ಪಡೆದ ಕ್ಯಾಸ್‌ಜೆವಿ. ರೋಗಿಯ ಮಜ್ಜೆಯ ಮೂಲಕೋಶಗಳನ್ನು ಹೊರತೆಗೆದು, ಗಾಮಾವನ್ನು ತಡೆಯುವ ವಂಶವಾಹಿಯ ಒಂದು ನಿಯಂತ್ರಣ ಭಾಗವನ್ನು ಕತ್ತರಿಸಿ, ಮತ್ತೆ ಮೈಗೆ ಸೇರಿಸುತ್ತಾರೆ. ಕತ್ತರಿಸುವ ಪ್ರೋಟೀನಿಗೆ ಜಾಗ ತೋರಿಸುವುದೂ ಒಂದು ಮಾರ್ಗದರ್ಶಿ ಆರ್‌ಎನ್‌ಎ. ಅಮೆರಿಕದಲ್ಲಿ ಅದರ ಬೆಲೆ ಒಬ್ಬರಿಗೆ 22 ಲಕ್ಷ ಡಾಲರ್. ದೆಹಲಿಯ ಐಜಿಐಬಿ ಸಂಸ್ಥೆ ಕಡಿಮೆ ಖರ್ಚಿನ ದೇಶೀ ಚಿಕಿತ್ಸೆಯನ್ನು ಬಿರ್ಸಾ ಮುಂಡಾ ಅವರ ಹೆಸರಿನಲ್ಲಿ ರೂಪಿಸುತ್ತಿದೆ.

ಅದು ಕಾಡಂಚಿಗೆ ಬರುವವರೆಗೆ ದಿನಾ ನುಂಗುವ ಹೈಡ್ರಾಕ್ಸಿಯೂರಿಯಾ, ಫೋಲಿಕ್ ಆಮ್ಲ, ಮಕ್ಕಳಿಗೆ ಪೆನಿಸಿಲಿನ್ ಮತ್ತು ನ್ಯುಮೋನಿಯಾ ಲಸಿಕೆ, ಹೊಟ್ಟೆ ತುಂಬ ನೀರು ಇವೇ ಆಧಾರ. ಹೈಡ್ರಾಕ್ಸಿಯೂರಿಯಾ ಕೊಡುವಾಗ ಆಗಾಗ ರಕ್ತ ಪರೀಕ್ಷೆ ಮಾಡಿ ಪ್ರಮಾಣ ಸರಿಪಡಿಸಬೇಕು. ಕೂಲಿ ಬಿಟ್ಟು, ಬಸ್ಸು ಹಿಡಿದು, ಮೈಸೂರಿನವರೆಗೆ ಹೋಗಿ ತರಬೇಕಾದ ಮಾತ್ರೆ ಎರಡನೆಯ ತಿಂಗಳಿಗೇ ನಿಂತುಹೋಗುತ್ತದೆ. ಮಾತ್ರೆಯೂ ಪರೀಕ್ಷೆಯೂ ಹಾಡಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು. ಕಾಫಿ ಕೊಯ್ಲಿಗೆ ಹೋದವರಿಗೆ ಅದೇ ಕಾರ್ಡಿನ ಮೇಲೆ ಕೊಡಗಿನ ಆಸ್ಪತ್ರೆಗಳಲ್ಲೂ ಸಿಗುವಂತಾಗಬೇಕು.